ರಾವ್, ಉಡುಪಿ ರಾಮಚಂದ್ರ: ಉಪಗ್ರಹ ಉಪಕರಣಗಳ ವಿಶ್ವಾಸಾರ್ಹತೆ ಮತ್ತು ವಿಜ್ಞಾನ ಶಿಕ್ಷಣ

ಯು. ಆರ್. ರಾವ್ (1932–2017) ಭಾರತದಲ್ಲಿ ಕೃತಕ ಉಪಗ್ರಹ ನಿರ್ಮಾಣಕ್ಕೆ ಅಡಿಪಾಯ ಹಾಕಿದ ಭೌತವಿಜ್ಞಾನಿ. ಹುಟ್ಟಿದ್ದು ಉಡುಪಿ ಬಳಿಯ ಅದಮಾರಿನಲ್ಲಿ. ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಮೇಲೆ ಸಂಶೋಧನೆ ನಡೆಸಿ 1960ರಲ್ಲಿ ಡಾಕ್ಟರೇಟ್ ಪಡೆದರು. ನಂತರ ಅಮೆರಿಕದಲ್ಲಿ ಪಯೋನಿಯರ್ ಮತ್ತು ಎಕ್ಸ್‌ಪ್ಲೋರರ್ ನೌಕೆಗಳ ಪ್ರಯೋಗಗಳಲ್ಲಿ ದುಡಿದು 1966ರಲ್ಲಿ ತಾಯ್ನಾಡಿಗೆ ಮರಳಿದರು.

1972ರಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ಒಪ್ಪಂದವಾದ ಮೇಲೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲಿ ಆರ್ಯಭಟ ಉಪಗ್ರಹದ ಕೆಲಸ ಶುರುವಾಯಿತು. ಅಲ್ಲಿದ್ದ ಎಂಜಿನಿಯರುಗಳಲ್ಲಿ ಹೆಚ್ಚಿನವರು ಆಗಷ್ಟೇ ಓದು ಮುಗಿಸಿ ಬಂದ ಯುವಕರು. ಸೌರಕೋಶ, ಬ್ಯಾಟರಿಗಳು ಸೋವಿಯತ್ ನೆಲದಿಂದ ಬಂದವು. ಉಳಿದದ್ದನ್ನು ಬಹುಪಾಲು ಇಲ್ಲಿಯೇ ರೂಪಿಸಬೇಕಿತ್ತು. ಸಂಕೇತಗಳನ್ನು ಪಡೆಯಲು ಜಾಗ ಸಾಲದೆ ಒಂದು ಶೌಚಾಲಯವನ್ನೇ ದತ್ತಾಂಶ ಕೇಂದ್ರವಾಗಿ ಮಾರ್ಪಡಿಸಿದ್ದನ್ನು ರಾವ್ ಮುಂದೆ ಹೆಮ್ಮೆಯಿಂದಲೇ ನೆನೆಯುತ್ತಿದ್ದರು.

1975ರ ಏಪ್ರಿಲ್ 19ರಂದು, 26 ಮುಖಗಳ, ಸುಮಾರು 360 ಕಿಲೋ ತೂಕದ ಆರ್ಯಭಟ ಕಕ್ಷೆ ಸೇರಿತು. ಕ್ಷ-ಕಿರಣ ಖಗೋಳ, ಸೂರ್ಯ, ಮೇಲಿನ ವಾಯುಮಂಡಲ ಹೀಗೆ ಮೂರು ಪ್ರಯೋಗಗಳು ಅದರಲ್ಲಿದ್ದವು. ಕೆಲವೇ ದಿನಗಳಲ್ಲಿ ಪ್ರಯೋಗಗಳಿಗೆ ವಿದ್ಯುತ್ ಒದಗಿಸುವ ವ್ಯವಸ್ಥೆ ಕೆಟ್ಟು ಮೂರೂ ನಿಂತುಹೋದವು. ಇದನ್ನು ಸೋಲೆಂದು ಕರೆಯುವುದು ಸರಿಯಲ್ಲ. ನೆಲದ ಮೇಲಿನ ರೇಡಿಯೋ ಕೆಟ್ಟರೆ ಬೆಸುಗೆ ಹಾಕಿ ಸರಿಪಡಿಸಬಹುದು, ಕಕ್ಷೆಗೇರಿದ್ದನ್ನು ಯಾರ ಕೈಯೂ ಮುಟ್ಟಲಾರದು. ಅಲ್ಲಿ ನಿರ್ವಾತವಿದೆ, ವಿಕಿರಣವಿದೆ, ನೆರಳು ಬಿಸಿಲಿನ ನಡುವೆ ಉಷ್ಣತೆಯ ಭಾರೀ ಏರಿಳಿತವಿದೆ. ಆದ್ದರಿಂದ ಬಿಡಿಭಾಗಗಳನ್ನು ಮೊದಲೇ ಗಂಟೆಗಟ್ಟಲೆ ಓಡಿಸಿ ದುರ್ಬಲವಾದವನ್ನು ಹೊರಹಾಕುವುದು, ಕಂಪನ ಮತ್ತು ಉಷ್ಣ-ನಿರ್ವಾತ ಪರೀಕ್ಷೆಗಳು, ಮುಖ್ಯ ಸರ್ಕ್ಯೂಟಿಗೆ ಬದಲಿಯೊಂದನ್ನು ಜೊತೆಗಿಡುವುದು ಉಪಗ್ರಹ ನಿರ್ಮಾಣದ ಅವಿಭಾಜ್ಯ ಅಂಗಗಳು. ಪುಸ್ತಕದಲ್ಲಿದ್ದ ಈ ವಿದ್ಯೆ ಪೀಣ್ಯದ ತಂಡಕ್ಕೆ ಕೈಗೂಡಿದ್ದು ಇಂಥ ಪೆಟ್ಟುಗಳಿಂದಲೇ.

ಪೆಟ್ಟುಗಳು ಮುಂದೆಯೂ ಬಿದ್ದವು. 1979ರ ಭಾಸ್ಕರ-1 ಉಪಗ್ರಹದ ಟಿವಿ ಕ್ಯಾಮೆರಾಕ್ಕೆ ಹೆಚ್ಚು ವೋಲ್ಟೇಜಿನ ಭಾಗದಲ್ಲಿ ತೊಂದರೆಯಾಯಿತು. ಒಳಗೆ ಸಿಕ್ಕಿಕೊಂಡ ಅನಿಲ ಸೋರಿಹೋಗುವವರೆಗೆ ತಿಂಗಳುಗಟ್ಟಲೆ ಕಾದು, 1980ರಲ್ಲಿ ಚಾಲೂ ಮಾಡಿದಾಗ ಅದು ಚಿತ್ರ ಕಳಿಸಿತು. 1981ರ ಆ್ಯಪಲ್ ಸಂಪರ್ಕ ಉಪಗ್ರಹದ ಒಂದು ಸೌರಫಲಕ ತೆರೆದುಕೊಳ್ಳಲಿಲ್ಲ. ಆದರೂ ಅದನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿಸಿಕೊಂಡರು. ಈ ಉಪಗ್ರಹ ಎತ್ತಿನಗಾಡಿಯ ಮೇಲಿರುವ ಪ್ರಸಿದ್ಧ ಚಿತ್ರವನ್ನು ಬಡತನದ ಗುರುತೆಂದು ಹಲವರು ತಿಳಿದಿದ್ದಾರೆ. ಆಂಟೆನಾ ಪರೀಕ್ಷೆಗೆ ಸುತ್ತ ಲೋಹ ಅಡ್ಡಬರಬಾರದೆಂಬ ಕಾರಣಕ್ಕೆ ಮರದ ಗಾಡಿ ಬಳಸಿದ್ದು. ಅದು ಅಚ್ಚುಕಟ್ಟಾದ ಎಂಜಿನಿಯರಿಂಗ್.

1984ರಿಂದ 1994ರವರೆಗೆ ರಾವ್ ಇಸ್ರೋ ಅಧ್ಯಕ್ಷರಾಗಿದ್ದರು. ಐಆರ್‌ಎಸ್-1ಎ (1988), ದೇಶದಲ್ಲೇ ತಯಾರಾದ ಇನ್ಸಾಟ್-2ಎ (1992) ಉಪಗ್ರಹಗಳು ಆ ಅವಧಿಯವು. ಇನ್ಸಾಟ್‌ಗಳನ್ನು ನಿಯಂತ್ರಿಸುವ ಕೇಂದ್ರ ಹಾಸನದಲ್ಲಿದೆ.

ವಿಜ್ಞಾನ ಶಿಕ್ಷಣ ಅವರಿಗೆ ನಿವೃತ್ತಿಯ ಹವ್ಯಾಸವಾಗಿರಲಿಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ ನಡೆಸುವ ವಿಜ್ಞಾನ ಶಿಕ್ಷಣ ಸಂಘದ ಆಡಳಿತ ಮಂಡಳಿಗೆ ಅವರು ಅಧ್ಯಕ್ಷರಾಗಿದ್ದರು. ಅಲ್ಲಿ ಆಕಾಶದ ಪ್ರದರ್ಶನಗಳ ಜೊತೆಗೆ ಕಾಲೇಜು ವಿದ್ಯಾರ್ಥಿಗಳನ್ನು ಸಂಶೋಧನೆಗೆ ಅಣಿಗೊಳಿಸುವ ತರಗತಿಗಳೂ ನಡೆಯುತ್ತವೆ. ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಅಕಾಡೆಮಿಗೂ ಅವರು ಅಧ್ಯಕ್ಷರಾಗಿ ದುಡಿದರು.

2017ರಲ್ಲಿ ಅವರಿಗೆ ಪದ್ಮವಿಭೂಷಣ ಸಂದಿತು. ಮರುವರ್ಷ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಅವರ ಹೆಸರಿಟ್ಟರು. ಮಕ್ಕಳಿಗೆ ಆರ್ಯಭಟದ ಉಡಾವಣೆಯ ದಿನಾಂಕವನ್ನು ಹೇಳಿಕೊಡುವ ಶಿಕ್ಷಕರು ಅದರ ವಿದ್ಯುತ್ ಪೂರೈಕೆ ಕೆಟ್ಟ ಸಂಗತಿಯನ್ನೂ, ಅದರಿಂದ ಕಲಿತದ್ದನ್ನೂ ಪಾಠ ಮಾಡಬೇಕು.