ಕಿವಿ ಬಲ್ಲ ಪದ, ಕಣ್ಣು ಓದುವ ಪದ

ಉಗರಗೋಳವಿರುವ ಸವದತ್ತಿ ಸೀಮೆಯಲ್ಲಿ ಅನೇಕ ಮುಸ್ಲಿಂ ಮಕ್ಕಳಿಗೆ ಮನೆಮಾತು ದಖನಿ, ಶಾಲೆಯ ಓದು ಕನ್ನಡ, ಮಕ್ತಬದ ಓದು ಅರಬಿ. ಈ ಮಕ್ಕಳ ಓದಿನ ಕಷ್ಟವನ್ನು ತಿಳಿಯಲು ಲಿಪಿಗಳ ಇತಿಹಾಸ ನೆರವಾಗುತ್ತದೆ.

ಆರಂಭದ ಅರಬಿ ಬರಹದಲ್ಲಿ ಹ್ರಸ್ವ ಸ್ವರಗಳಿಗೆ ಗುರುತಿರಲಿಲ್ಲ. ಅರಬರು ಕೇಳಿ ಬಲ್ಲ ಪದವನ್ನು ಸಂದರ್ಭದಿಂದಲೇ ಗುರುತಿಸುತ್ತಿದ್ದರು. ಇಸ್ಲಾಂ ಅರಬೇತರರಲ್ಲಿ ಹರಡಿದಾಗ ತಪ್ಪು ಓದಿನ ಆತಂಕ ಹುಟ್ಟಿತು. ಬಸರಾದ ಅಬುಲ್ ಅಸ್ವದ್ (ನಿಧನ 688) ಸ್ವರಗಳಿಗೆ ಚುಕ್ಕೆಗಳನ್ನಿಟ್ಟರೆಂದು ಪರಂಪರೆ ಹೇಳುತ್ತದೆ. ಇಂದಿನ ಜಬರ್, ಜೇರ್, ಪೇಶ್‌ಗಳಿಗೆ ಬುನಾದಿ ಹಾಕಿದವರು 8ನೇ ಶತಮಾನದ ಖಲೀಲ್ ಇಬ್ನ್ ಅಹ್ಮದ್.

ಕನ್ನಡದಲ್ಲಿ ಆ ಕೆಲಸವನ್ನು ಕಾಗುಣಿತ ಮಾಡುತ್ತದೆ. ಆದರೆ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳು. ಅವುಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆಂದು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿತು.

ಉಚ್ಚರಿಸಿದ ಮಾತ್ರಕ್ಕೆ ಅರ್ಥ ಹೊಳೆಯದು. ಪರಿಚಿತ ಪದವನ್ನು ಕಣ್ಣು ಒಂದೇ ಅಕ್ಷರದಷ್ಟು ಬೇಗ ಹಿಡಿಯುತ್ತದೆಂದು ಜೇಮ್ಸ್ ಕ್ಯಾಟೆಲ್ 1886ರಲ್ಲೇ ತಿಳಿಸಿದ್ದರು. ‘ಗರಮ್’, ‘ಬಿಸಿ’ ಎರಡನ್ನೂ ಬಲ್ಲ ಮಗು ಪುಸ್ತಕದ ‘ಉಷ್ಣತೆ’ಯ ಮುಂದೆ ತಡವರಿಸಿದರೆ ಅದು ದಡ್ಡತನವಲ್ಲ, ಆ ಪದ ಅದರ ಕಿವಿಗೆ ಬಿದ್ದೇ ಇಲ್ಲ.

ಆದ್ದರಿಂದ ಪಾಲಕರೇ, ಶಿಕ್ಷಕರೇ, ಪಾಠವನ್ನು ಮೊದಲು ಗಟ್ಟಿಯಾಗಿ ಓದಿ ಕೇಳಿಸಿರಿ, ಹೊಸ ಪದವನ್ನು ಮನೆಮಾತಿನಲ್ಲಿ ವಿವರಿಸಿರಿ. ಆಮೇಲೆ ಮಗುವಿನ ಕೈಗೆ ಪುಸ್ತಕ ಕೊಡಿರಿ.