ಹೇಮಾವತಿಯ ತವರು ಜಾವಳಿ

ನದಿ ಹುಟ್ಟುವ ಜಾಗವನ್ನು ಪುಣ್ಯಕ್ಷೇತ್ರವೆಂದು ಪೂಜಿಸುವುದು ನಮ್ಮ ನಾಡಿನ ಹಳೆಯ ಪದ್ಧತಿ. ತುಲಾ ಸಂಕ್ರಮಣದಂದು ಕೊಡಗಿನ ತಲಕಾವೇರಿಯಲ್ಲಿ ಸಾವಿರಾರು ಜನ ಸೇರುತ್ತಾರೆ. ಅದೇ ಕಾವೇರಿಯ ಉಪನದಿ ಹೇಮಾವತಿಯ ಮೂಲ ನಮ್ಮ ಜಾವಳಿ. ಸಮುದ್ರಮಟ್ಟದಿಂದ ಸುಮಾರು 1,219 ಮೀಟರ್ ಎತ್ತರದಲ್ಲಿ, ಗಣಪತಿ ಗುಡಿಯ ಬಳಿ ಒಸರುವ ನೀರನ್ನು ಯಾತ್ರಿಕರು ತೀರ್ಥವೆಂದು ಸ್ವೀಕರಿಸುತ್ತಾರೆ.

ಈ ಸೀಮೆಗೆ ಹೆಸರು ತಂದ ಇನ್ನೊಂದು ಜಾಗ ಬಲ್ಲಾಳರಾಯನ ದುರ್ಗ. ಹೊಯ್ಸಳರ ಮೂಲ ನೆಲೆಯಾದ ಸೊಸೆವೂರು, ಇಂದಿನ ಅಂಗಡಿ, ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲೇ ಇದೆ. ದುರ್ಗದ ಹೆಸರಿನಲ್ಲಿ ಉಳಿದಿರುವ ಬಲ್ಲಾಳರಾಯನೂ ಆ ವಂಶದವನೇ. ಇಲ್ಲಿನ ಬೆಟ್ಟಸಾಲಿನ ಪಶ್ಚಿಮಕ್ಕೆ ಬಿದ್ದ ಮಳೆ ಬಂಡಾಜೆಯಲ್ಲಿ ಧುಮುಕಿ, ನೇತ್ರಾವತಿಯ ಮೂಲಕ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹೇಮಾವತಿಯಾಗಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ.

ಸಕಲೇಶಪುರ ದಾಟಿ, ಗೊರೂರು ಅಣೆಕಟ್ಟೆಯಲ್ಲಿ ನಿಂತು, ಸುಮಾರು 245 ಕಿ.ಮೀ. ಹರಿದು ಹೇಮಾವತಿ ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಕೂಡುತ್ತದೆ. ಕಾಲುವೆಯಲ್ಲಿ ತುಮಕೂರಿಗೂ ಹೋಗುತ್ತದೆ. ಕೆಲಸಕ್ಕೆಂದು ಬೆಂಗಳೂರು ಸೇರಿರುವ ನಮ್ಮಂಥ ಹಳೆಯ ವಿದ್ಯಾರ್ಥಿಗಳ ಮನೆಯ ನಲ್ಲಿಯಲ್ಲಿ ಬರುವ ಕಾವೇರಿ ನೀರಿನಲ್ಲಿ ಊರಿನ ಈ ಒರತೆಯ ಪಾಲೂ ಇದೆ.

ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ನಿಧಾನವಾಗಿ ಬಿಟ್ಟುಕೊಡುವುದು ಬೆಟ್ಟದ ಹುಲ್ಲುಗಾವಲು ಮತ್ತು ಕಣಿವೆಯ ಶೋಲಾ ಕಾಡು. 2019ರ ಆಗಸ್ಟ್ ಮಳೆಯಲ್ಲಿ ತಾಲ್ಲೂಕಿನ ಗುಡ್ಡಗಳು ಕುಸಿದು ಮನೆ, ತೋಟಗಳು ಹಾಳಾದದ್ದನ್ನು ಎಲ್ಲರೂ ಬಲ್ಲೆವು. ಗುಡಿಗೆ ಕಾಣಿಕೆ ಹಾಕುವ ನಾವು ಮೇಲಿನ ಕಾಡನ್ನೂ ಕ್ಷೇತ್ರದ ಭಾಗವೆಂದೇ ಕಾಯಬೇಕು. ಸುವರ್ಣ ಮಹೋತ್ಸವದ ಈ ವರ್ಷದಿಂದ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ನದಿಮೂಲಕ್ಕೆ ಕರೆದೊಯ್ಯುವ ಪರಿಪಾಠ ಆರಂಭವಾಗಲಿ.