ಮೆಟ್ನರ್‌ನ ಕ್ವಿಂಟೆಟ್ಟೂ ನಮ್ಮ ಮೈಸೂರು ಮಹಾರಾಜರೂ

ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಪ್ರಾಜೆಕ್ಟೊಂದು ಆರು ತಿಂಗಳು ತಡವಾದರೆ ಮೀಟಿಂಗ್ ಮೇಲೆ ಮೀಟಿಂಗು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ ತನ್ನ ಪಿಯಾನೋ ಕ್ವಿಂಟೆಟ್ ಶುರು ಮಾಡಿದ್ದು 1904ರ ಸುಮಾರಿಗೆ, ಮುಗಿಸಿದ್ದು 1949ರಲ್ಲಿ!

ಕ್ವಿಂಟೆಟ್ ಅಂದರೆ ಐದು ವಾದ್ಯಗಳ ರಚನೆ. ಇಲ್ಲಿ ಒಂದು ಪಿಯಾನೋ, ಎರಡು ವಯೋಲಿನ್, ಒಂದು ವಯೋಲಾ, ಒಂದು ಚೆಲ್ಲೋ. ಒಟ್ಟು ಮೂರು ಭಾಗ. ಮೊದಲನೆಯದು ತುಂಬಾ ಶಾಂತವಾಗಿ ಶುರುವಾಗುತ್ತದೆ. ಅದರೊಳಗೆ ಸತ್ತವರಿಗಾಗಿ ಚರ್ಚುಗಳಲ್ಲಿ ಹಾಡುತ್ತಿದ್ದ ಹಳೆಯ ಲ್ಯಾಟಿನ್ ಧಾಟಿಯೊಂದು ಸುಳಿದು ಹೋಗುತ್ತದೆ. ಕೊನೆಯ ಭಾಗಕ್ಕೆ ಬಂದರೆ ವೇಗ, ಉಲ್ಲಾಸ.

ಮೆಟ್ನರ್ ಹುಟ್ಟಿದ್ದು 1880ರಲ್ಲಿ, ಮಾಸ್ಕೋದಲ್ಲಿ. ರಾಖ್ಮನಿನೋವ್‌ನ ಗೆಳೆಯ. ಕ್ರಾಂತಿಯ ನಂತರ, 1921ರಲ್ಲಿ ದೇಶ ಬಿಟ್ಟ. ಜರ್ಮನಿ, ಫ್ರಾನ್ಸ್ ಸುತ್ತಿ 1930ರ ದಶಕದಲ್ಲಿ ಲಂಡನ್ ಸೇರಿದ. ಅಷ್ಟರಲ್ಲಿ ಸಂಗೀತದ ರುಚಿಯೇ ಬದಲಾಗಿತ್ತು, ಈತ ಬದಲಾಗಲಿಲ್ಲ. ಯುದ್ಧ ಶುರುವಾದ ಮೇಲೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. 1942ರಲ್ಲಿ ಹೃದಯಾಘಾತ ಬೇರೆ.

ಇಲ್ಲಿ ಕಥೆಗೆ ಬರುವವರು ನಮ್ಮ ಜಯಚಾಮರಾಜ ಒಡೆಯರು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದವರು ಅಂತ ನಮಗೆಲ್ಲ ಗೊತ್ತು. ಅವರು ಪಿಯಾನೋವನ್ನೂ ಅಷ್ಟೇ ಶ್ರದ್ಧೆಯಿಂದ ಕಲಿತಿದ್ದರು, ಕಛೇರಿ ಕೊಡುವ ಪಿಯಾನೋ ವಾದಕರಾಗುವ ಆಸೆಯೂ ಇತ್ತು. ಆದರೆ 1940ರಲ್ಲಿ ತಂದೆಯವರೂ ದೊಡ್ಡಪ್ಪ ನಾಲ್ವಡಿಯವರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. 21ನೇ ವಯಸ್ಸಿಗೆ ಸಿಂಹಾಸನ!

ಯುದ್ಧ ಮುಗಿದ ಮೇಲೆ ಒಡೆಯರು ಮೆಟ್ನರ್ ಸೊಸೈಟಿ ಸ್ಥಾಪಿಸಿ ದುಡ್ಡು ಕೊಟ್ಟರು. ಎಚ್‌ಎಂವಿ ಕಂಪನಿ ರೆಕಾರ್ಡ್ ಮಾಡಿತು, ಪಿಯಾನೋ ನುಡಿಸಿದ್ದು ಸ್ವತಃ ಮೆಟ್ನರ್. ಮೂರು ಕನ್ಸರ್ಟೋ, ಹಾಡುಗಳು, ಬಿಡಿ ರಚನೆಗಳು ಧ್ವನಿಮುದ್ರಣವಾದವು. ಕ್ವಿಂಟೆಟ್ ಮುಗಿದ ಮೇಲೆ ಅದನ್ನೂ ಇಯೋಲಿಯನ್ ಕ್ವಾರ್ಟೆಟ್ ಜೊತೆ ನುಡಿಸಿದ. ಮೂರನೇ ಕನ್ಸರ್ಟೋವನ್ನು ಒಡೆಯರಿಗೇ ಅರ್ಪಿಸಿದ. 1951ರ ನವೆಂಬರ್‌ನಲ್ಲಿ ತೀರಿಕೊಂಡ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಇವೇ ವರ್ಷಗಳಲ್ಲಿ, 1947ರ ಸೆಪ್ಟೆಂಬರ್‌ನಲ್ಲಿ, ಜವಾಬ್ದಾರಿ ಸರ್ಕಾರ ಬೇಕೆಂದು ಮೈಸೂರು ಚಲೋ ಚಳವಳಿ ನಡೆದಿತ್ತು. ಜನ ಬೀದಿಗಿಳಿದಿದ್ದಾಗ ಲಂಡನ್ನಿನ ಸಂಗೀತಗಾರನಿಗೆ ಹಣ ಕಳಿಸಬೇಕಿತ್ತೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಆ ಹಣ ಹೋಗದಿದ್ದರೆ ಮಾತ್ರ, 45 ವರ್ಷ ಜೊತೆಯಲ್ಲಿ ಹೊತ್ತು ತಿರುಗಿದ ರಚನೆಯನ್ನು ಆ ಮುದುಕ ತನ್ನ ಕೈಯಿಂದಲೇ ಹೇಗೆ ನುಡಿಸಿದ ಅನ್ನುವುದು ನಮ್ಮ ಕಿವಿಗೆ ಬೀಳುವುದು ಅನುಮಾನವಿತ್ತು.

ಬಿಡುವಾದಾಗ ಒಮ್ಮೆ ಕೇಳಿ. ಮೊದಲ ಭಾಗ ನಿಧಾನ ಅನಿಸಿದರೂ ನಿಲ್ಲಿಸಬೇಡಿ, ಮೂರನೆಯದರವರೆಗೂ ಬನ್ನಿ.